ಕರೆಂಟೇ ಇಲ್ಲದ ಸಲ್ಯೂಟ್-7ಕ್ಕೆ ಸೋಯುಜ್ ಟಿ-13 ಕೂಡಿಕೊಂಡದ್ದು ಹೇಗೆ? (ಚರ್ಚೆ)

ಹೊಸಗಾಲಿ:
ರಾಕೇಶ್ ಶರ್ಮಾ 1984ರ ಏಪ್ರಿಲ್‌ನಲ್ಲಿ ಸೋಯುಜ್ ಟಿ-11ರಲ್ಲಿ ಹೋಗಿ ಒಂದು ವಾರ ಇದ್ದು ಬಂದರಲ್ಲ, ಅದೇ ಸೋವಿಯತ್ ಬಾಹ್ಯಾಕಾಶ ನಿಲ್ದಾಣ ಸಲ್ಯೂಟ್-7 ಮುಂದಿನ ವರ್ಷ ಫೆಬ್ರವರಿ 11ಕ್ಕೆ ನೆಲದ ಸಂಪರ್ಕ ಕಳೆದುಕೊಂಡಿತು. ಒಳಗೆ ಆಗ ಯಾರೂ ಇರಲಿಲ್ಲ. ಜೂನ್ 6ಕ್ಕೆ ವ್ಲಾದಿಮಿರ್ ಜಾನಿಬೆಕೋವ್, ವಿಕ್ಟರ್ ಸವಿನಿಖ್ ಇಬ್ಬರೇ ಸೋಯುಜ್ ಟಿ-13 ನೌಕೆಯಲ್ಲಿ ಬೈಕನೂರಿನಿಂದ ಹೊರಟು 8ಕ್ಕೆ ಅದಕ್ಕೆ ಕೂಡಿಕೊಂಡರು. ಇಷ್ಟು ಎಲ್ಲ ಕಡೆ ಸಿಗುತ್ತದೆ. ನನಗೆ ಬೇಕಾಗಿರುವುದು ಇದರ ಒಳಗಿನ ವಿಷಯ.

ಉತ್ತರವನ್ನೇ ಕೊಡದ ನಿಲ್ದಾಣವನ್ನು ಹುಡುಕಿದ್ದು ಹೇಗೆ? ಆ ಕಡೆ ವಿದ್ಯುತ್ತೇ ಇಲ್ಲದಿರುವಾಗ ಕೊಂಡಿ ಬಿದ್ದದ್ದು ಹೇಗೆ? ಕೂಡಿಕೊಂಡ ಮೇಲೆ ನೌಕೆಯ ಕರೆಂಟನ್ನೇ ನಿಲ್ದಾಣಕ್ಕೆ ಕೊಟ್ಟಿದ್ದರೆ ಮುಗಿಯುತ್ತಿತ್ತಲ್ಲ, ಯಾಕೆ ಕೊಡಲಿಲ್ಲ? ಬಲ್ಲವರು ಬಿಡಿಸಿ ಹೇಳಿ.

ಕಕ್ಷಾಪಟು:
ಮೊದಲನೆಯದಕ್ಕೆ ನಾನು ಬರೆಯುತ್ತೇನೆ. ಉಳಿದ ಎರಡಕ್ಕೆ ನನಗಿಂತ ಬಲ್ಲವರು ಇಲ್ಲಿದ್ದಾರೆ.

ಆ ಕಾಲದ ಸೋಯುಜ್‌ಗಳು ನಿಲ್ದಾಣದ ಹತ್ತಿರ ಹೋಗುತ್ತಿದ್ದದ್ದು "ಇಗ್ಲಾ" ಎಂಬ ರೇಡಿಯೊ ವ್ಯವಸ್ಥೆಯಿಂದ. ಇದು ಎರಡು ಕೈ ಸೇರಿದರೆ ಆಗುವ ಚಪ್ಪಾಳೆ. ನೌಕೆಯ ಆಂಟೆನಾ ಸಂಕೇತ ಕಳಿಸಬೇಕು, ನಿಲ್ದಾಣದ ಕಡೆಯ ಉಪಕರಣ ಅದಕ್ಕೆ ಉತ್ತರಿಸಬೇಕು. ಆಗ ದೂರ, ಹತ್ತಿರವಾಗುವ ವೇಗ, ದಿಕ್ಕು ಮೂರೂ ಸಿಗುತ್ತವೆ. ಇಷ್ಟೇ ಅಲ್ಲ, ನಿಲ್ದಾಣವೂ ತನ್ನ ಜೋಡಣೆಯ ಬಾಯಿಯನ್ನು ನೌಕೆಯ ಕಡೆಗೆ ತಿರುಗಿಸಿಕೊಂಡು ಕಾಯಬೇಕು. ಸಲ್ಯೂಟ್-7 ಇದ್ಯಾವುದನ್ನೂ ಮಾಡುವ ಸ್ಥಿತಿಯಲ್ಲಿರಲಿಲ್ಲ. ಹಾಗಾಗಿ ಟಿ-13ರಿಂದ ಆ ಸ್ವಯಂಚಾಲಿತ ಉಪಕರಣವನ್ನೇ ಕಳಚಿದರು. ಮೂರನೆಯ ಆಸನವನ್ನೂ ತೆಗೆದರು. ಉಳಿದ ತೂಕಕ್ಕೆ ಹೆಚ್ಚಿನ ಇಂಧನ, ನೀರು, ಗಾಳಿ ಶುದ್ಧಿ ಮಾಡುವ ಡಬ್ಬಿಗಳು ಹತ್ತಿದವು.

ನಿಲ್ದಾಣದ ಸ್ಥಾನ ಗೊತ್ತಾಗುತ್ತಿದ್ದದ್ದು ನೆಲದ ರಾಡಾರ್‌ಗಳಿಂದ. ಕ್ಷಿಪಣಿ ಕಾವಲಿಗೆ ಇಟ್ಟಿದ್ದ ರಾಡಾರ್‌ಗಳಿಗೆ ಸುಮ್ಮನೆ ಹಾರುವ 19-20 ಟನ್‌ನ ಲೋಹದ ಉರುಳೆ ಕಷ್ಟದ ಗುರಿಯೇನಲ್ಲ. ಆದರೆ ಅವುಗಳ ಅಳತೆ ನೌಕೆಯನ್ನು ನಿಲ್ದಾಣದಿಂದ ಕೆಲವೇ ಕಿಲೋಮೀಟರ್ ದೂರಕ್ಕೆ ತಂದು ಬಿಡಲು ಮಾತ್ರ ಸಾಕು, ಅಲ್ಲಿಂದ ಮುಂದಕ್ಕೆ ಸಾಲದು. ಸುಮಾರು 10 ಕಿ.ಮೀ. ಇರುವಾಗ ಕಿಟಕಿಯಲ್ಲಿ ನಿಲ್ದಾಣ ಹೊಳೆಯುವ ಚುಕ್ಕೆಯಾಗಿ ಕಂಡಿತು. ಅಲ್ಲಿಂದ ಕೆಲಸ ಹೀಗೆ ಹಂಚಿಕೆಯಾಯಿತು: ಜಾನಿಬೆಕೋವ್ ನೌಕೆಯನ್ನು ಪಕ್ಕಕ್ಕೆ ತಿರುಗಿಸಿ, ಪಕ್ಕದ ಕಿಟಕಿಯಿಂದ ನಿಲ್ದಾಣ ನೋಡುತ್ತ ನಡೆಸಿದರು. ಅದಕ್ಕೆಂದೇ ಕಿಟಕಿಯ ಬಳಿ ನಿಯಂತ್ರಣದ ಹಿಡಿ ಕೂಡಿಸಿದ್ದರು. ಸವಿನಿಖ್ ಕೈಯಲ್ಲಿ ಹಿಡಿಯುವ ಲೇಸರ್ ದೂರಮಾಪಕದಿಂದ ದೂರ ಅಳೆದು ಕೂಗಿ ಹೇಳುತ್ತ, ಅದನ್ನೇ ಕಂಪ್ಯೂಟರಿಗೂ ತುಂಬುತ್ತಿದ್ದರು. ಕತ್ತಲಲ್ಲಿ ಕಣ್ಣು ತಪ್ಪದಿರಲೆಂದು ರಾತ್ರಿನೋಟದ ಯಂತ್ರವೂ ಜೊತೆಗಿತ್ತು.

ಇಲ್ಲಿ ಮುಖ್ಯವಾದದ್ದು ದೂರವಲ್ಲ, ದೂರ ಕಡಿಮೆಯಾಗುವ ವೇಗ. ಉದಾಹರಣೆಗೆ ಒಮ್ಮೆ 3000 ಮೀ. ಓದಿ, 30 ಸೆಕೆಂಡ್ ಬಿಟ್ಟು 2880 ಓದಿದರೆ ನೀವು ಸೆಕೆಂಡಿಗೆ 4 ಮೀಟರ್ ವೇಗದಲ್ಲಿ ಹೋಗುತ್ತಿದ್ದೀರಿ. ಬರಿಗಣ್ಣಿಗೆ ಇದು ತಿಳಿಯುವುದಿಲ್ಲ. ಸುಮಾರು 15 ಮೀ. ಉದ್ದದ ನಿಲ್ದಾಣ 1 ಕಿ.ಮೀ. ದೂರದಲ್ಲಿ ಒಂದು ಡಿಗ್ರಿಗಿಂತ ಕಡಿಮೆ ಕಾಣುತ್ತದೆ. 50 ಮೀ. ಹತ್ತಿರ ಹೋದರೆ ಆ ಗಾತ್ರ ಶೇ. 5ರಷ್ಟು ಮಾತ್ರ ಬದಲಾಗುತ್ತದೆ. ಅದನ್ನು ಗುರುತಿಸುವ ಕಣ್ಣು ಯಾರಿಗೂ ಇಲ್ಲ.

ವಾದಪ್ರಿಯ:
ಇದರಲ್ಲಿ ಹೊಸದೇನಿದೆ ಸ್ವಾಮಿ? 1983ರ ಏಪ್ರಿಲ್‌ನಲ್ಲಿ ಸೋಯುಜ್ ಟಿ-8 ಇದೇ ಸಲ್ಯೂಟ್-7ಕ್ಕೆ ಇಗ್ಲಾ ಇಲ್ಲದೆ ಹೋಗಲಿಲ್ಲವೆ? ಅಂದಮೇಲೆ ಜಾನಿಬೆಕೋವ್ ಮಾಡಿದ್ದೇ ಮೊದಲು ಎಂದು ಹೊಗಳುವುದು ಹೇಗೆ?

ಕಕ್ಷಾಪಟು:
ಹೋಯಿತು, ಕೂಡಿಕೊಳ್ಳಲಿಲ್ಲ. ಅದಕ್ಕೇ ಟಿ-8ರ ಕಥೆ ಇಲ್ಲಿಗೆ ಹೊಂದುತ್ತದೆ.

ಟಿ-8 ಮೇಲೇರುವಾಗ ಮೂತಿಯ ಹೊದಿಕೆ ಕಳಚಿ ಬೀಳುತ್ತಲೇ ಇಗ್ಲಾದ ಆಂಟೆನಾವನ್ನೂ ಕಿತ್ತುಕೊಂಡು ಹೋಯಿತು. ವ್ಲಾದಿಮಿರ್ ತಿತೋವ್ ನೆಲದಿಂದ ಬಂದ ಲೆಕ್ಕ ಮತ್ತು ತಮ್ಮ ಕಣ್ಣು ಎರಡನ್ನೇ ನಂಬಿ ಹತ್ತಿರ ಹೋದರು. ದೂರ ಅಳೆಯುವ ಸಾಧನ ಇರಲಿಲ್ಲ. ನೌಕೆ ಕತ್ತಲಿಗೆ ಸರಿದಾಗ ವೇಗ ಹೆಚ್ಚಾಗಿದೆ ಅನಿಸಿ, ಡಿಕ್ಕಿಯಾದೀತೆಂದು ಪಕ್ಕಕ್ಕೆ ತಪ್ಪಿಸಿದರು. ನಿಲ್ದಾಣದ ಪಕ್ಕದಲ್ಲೇ ಸುಮಾರು 160 ಮೀ. ದೂರದಲ್ಲಿ ಹಾದುಹೋಯಿತು. ಮತ್ತೆ ಪ್ರಯತ್ನಿಸುವಷ್ಟು ಇಂಧನ ಉಳಿದಿರಲಿಲ್ಲ, ಏಪ್ರಿಲ್ 22ಕ್ಕೆ ಇಳಿದರು. ಟಿ-13ರಲ್ಲಿ ಲೇಸರ್, ರಾತ್ರಿನೋಟ, ಹೆಚ್ಚುವರಿ ಇಂಧನ ಯಾಕಿದ್ದವು ಎಂಬುದಕ್ಕೆ ಇದೇ ಉತ್ತರ: ಟಿ-8ರಲ್ಲಿ ಕೊರತೆಯಾದ ಮೂರನ್ನೂ ಒಂದೊಂದಾಗಿ ತುಂಬಿದ್ದರು. (ಟಿ-8ರಲ್ಲಿದ್ದ ಗೆನ್ನಾದಿ ಸ್ತ್ರೆಕಾಲೋವ್ ಅವರೇ ಮುಂದೆ ರಾಕೇಶ್ ಶರ್ಮಾ ಜೊತೆ ಟಿ-11ರಲ್ಲಿ ಹೋದ ಎಂಜಿನಿಯರ್. ನಡುವೆ 1983ರ ಸೆಪ್ಟೆಂಬರ್‌ನಲ್ಲಿ ಉಡಾವಣಾ ಕಟ್ಟೆಯಲ್ಲೇ ರಾಕೆಟ್ ಹೊತ್ತಿಕೊಂಡಾಗ ಪಾರು ಮಾಡುವ ರಾಕೆಟ್‌ನಿಂದ ಬದುಕಿದ ಇಬ್ಬರಲ್ಲೂ ಅವರೊಬ್ಬರು. ಗಟ್ಟಿ ಪಿಂಡ.)

ಇನ್ನೊಂದು ಮಾತು. ಕಕ್ಷೆಯಲ್ಲಿ ಗುರಿಯ ಕಡೆಗೆ ಮೂತಿ ಇಟ್ಟು ನೇರ ದೂಡಿದರೆ ನೇರ ಹೋಗುವುದಿಲ್ಲ. ಹಿಂದಿನಿಂದ ನಿಲ್ದಾಣದ ಕಡೆಗೆ ಸೆಕೆಂಡಿಗೆ 2 ಮೀಟರ್‌ನಂತೆ ಹೊರಟರೆ 100 ಸೆಕೆಂಡಿನಲ್ಲಿ 200 ಮೀ. ಮುಂದೆ ಹೋಗಿರುತ್ತೀರಿ, ಜೊತೆಗೆ ಸುಮಾರು 23 ಮೀ. ಮೇಲಕ್ಕೂ ಎದ್ದಿರುತ್ತೀರಿ. ಸಮಯ ಇಮ್ಮಡಿಯಾದರೆ ಈ ತಪ್ಪು ನಾಲ್ಕು ಪಟ್ಟು. ಹಾಗಾಗಿ ನಿಧಾನವೇ ಕ್ಷೇಮ ಎಂಬ ನೆಲದ ಬುದ್ಧಿ ಇಲ್ಲಿ ಪೂರ್ತಿ ನಡೆಯದು. ತೀರ ನಿಧಾನವಾದರೆ ದಾರಿ ಬಾಗುತ್ತದೆ, ಮೇಲಿಂದ ಮೇಲೆ ತಿದ್ದಬೇಕು, ಇಂಧನ ಹೋಗುತ್ತದೆ, ಕತ್ತಲೂ ಬಂದುಬಿಡುತ್ತದೆ. ಒಂದು ಸುತ್ತಿಗೆ ಸಿಗುವ ಬೆಳಕು ಒಂದು ಗಂಟೆಗಿಂತ ಕಡಿಮೆ. ಜಾನಿಬೆಕೋವ್ 200 ಮೀ. ಹತ್ತಿರ ಬಂದು ನೌಕೆಯನ್ನು ನಿಲ್ಲಿಸಿ, ನಿಲ್ದಾಣದ ಸುತ್ತ ಹಾದು ಮುಂಭಾಗದ ಬಾಯಿಗೆ ಎದುರಾಗಿ, ಅದು ತಿರುಗುತ್ತಿದ್ದ ರೀತಿಗೆ ನೌಕೆಯನ್ನೂ ಹೊಂದಿಸಿಕೊಂಡು ಆಮೇಲೆ ಮುಂದುವರಿದರು.

ಅವರನ್ನೇ ಆರಿಸಿದ್ದಕ್ಕೂ ಕಾರಣವಿದೆ. 1982ರ ಜೂನ್‌ನಲ್ಲಿ ಸೋಯುಜ್ ಟಿ-6ರ ಕಂಪ್ಯೂಟರ್ ಕೈಕೊಟ್ಟಾಗ ಇದೇ ನಿಲ್ದಾಣಕ್ಕೆ ಕೈಯಿಂದಲೇ ಕೂಡಿಸಿದ್ದವರು ಅವರು.

ಕೊಂಡಿಕೀಲು:
ಎರಡನೆಯ ಪ್ರಶ್ನೆ ಒಳ್ಳೆಯದು, ಯಾಕೆಂದರೆ ಬಹಳ ಜನ ಇದನ್ನು ಕೇಳುವುದೇ ಇಲ್ಲ.

ಸೋಯುಜ್‌ನ ಜೋಡಣೆ ಕಡ್ಡಿ ಮತ್ತು ಆಲಿಕೆಯದು. ನೌಕೆಯ ಮೂತಿಯಲ್ಲಿ ಉದ್ದನೆಯ ಕಡ್ಡಿ, ನಿಲ್ದಾಣದ ಬಾಯಲ್ಲಿ ಆಲಿಕೆಯಾಕಾರದ ಗುಳಿ. ಕಡ್ಡಿಯ ತುದಿ ಎಲ್ಲೇ ತಗುಲಿದರೂ ಆಲಿಕೆಯ ಗೋಡೆಗೆ ಜಾರಿ ನಡುವಿನ ಕುಳಿಗೆ ಬಂದು ಅಲ್ಲಿ ಚಿಲಕ ಬೀಳುತ್ತದೆ. ಆಮೇಲೆ ಮೋಟರ್ ಕಡ್ಡಿಯನ್ನು ಒಳಕ್ಕೆ ಎಳೆಯುತ್ತದೆ, ಎರಡೂ ಉಂಗುರಗಳು ಮುಖಾಮುಖಿಯಾಗಿ ಕೂರುತ್ತವೆ, 8 ಕೊಕ್ಕೆಗಳು ಬಿಗಿಯುತ್ತವೆ, ರಬ್ಬರ್ ಬಿಲ್ಲೆಗಳು ಅದುಮಿಕೊಂಡು ಗಾಳಿ ಸೋರದಂತಾಗುತ್ತದೆ.

ಗಮನಿಸಿ: ಕಡ್ಡಿ, ಅದರ ಮೋಟರ್, ಆಘಾತ ನುಂಗುವ ಭಾಗ, ಬಿಗಿಯುವ ಕೊಕ್ಕೆ ಎಲ್ಲ ನೌಕೆಯ ಕಡೆಗೇ ಇವೆ. ನಿಲ್ದಾಣದ ಕಡೆ ಆಲಿಕೆ ಸುಮ್ಮನೆ ಕೂತಿರುವ ಲೋಹ. ಅದಕ್ಕೆ ಒಂದು ವೋಲ್ಟ್ ಕೂಡ ಬೇಡ. ನಿಲ್ದಾಣದ ಕಡೆಯೂ ಮೋಟರ್ ತಿರುಗಲೇಬೇಕಾದ ವಿನ್ಯಾಸವಾಗಿದ್ದರೆ ಜೂನ್ 8ರ ಕೆಲಸ ಬಾಗಿಲಲ್ಲೇ ನಿಲ್ಲುತ್ತಿತ್ತು.

ಕೈತಪ್ಪುವುದು ಎಲ್ಲಿ ಎಂದರೆ ತಗುಲುವ ವೇಗದಲ್ಲಿ. ಸೆಕೆಂಡಿಗೆ 10ರಿಂದ 35 ಸೆಂ.ಮೀ. ಒಳಗೆ ಇರಬೇಕು. ಅದಕ್ಕಿಂತ ಮೆಲ್ಲಗಾದರೆ ತುದಿ ಕುಳಿಯಲ್ಲಿ ಕೂರದೆ ಪುಟಿದು ಹಿಂದೆ ಬರುತ್ತದೆ. ಜೋರಾದರೆ ಕಡ್ಡಿಯೋ ಆಲಿಕೆಯೋ ಹಾಳು. ಅಕ್ಷ ವಾರೆಯಾಗಿದ್ದರೆ ಕಡ್ಡಿ ಸಿಕ್ಕಿಕೊಂಡ ಮೇಲೂ ನೌಕೆ ತೂಗಾಡುತ್ತದೆ, ಅದು ನಿಂತ ಮೇಲೇ ಎಳೆದುಕೊಳ್ಳಬೇಕು. ಎಡಗೈ ಹಿಡಿಯಿಂದ ನೌಕೆಯನ್ನು ಸರಿಸುವುದು, ಬಲಗೈ ಹಿಡಿಯಿಂದ ತಿರುಗಿಸುವುದು. ಸುಮಾರು 7 ಟನ್‌ನ ನೌಕೆಯನ್ನು ಹೀಗೆ ಬೆರಳತುದಿಯಲ್ಲಿ ನಡೆಸಬೇಕು.

ಇನ್ನೊಂದು ಸಂಗತಿಯನ್ನು ಜಾನಿಬೆಕೋವ್ ತಗುಲುವ ಮೊದಲೇ ಗುರುತಿಸಿದ್ದರು. ಸಲ್ಯೂಟ್-7ಕ್ಕೆ ಮೂರು ಸೌರ ಫಲಕ. ಸೂರ್ಯನನ್ನು ಹಿಂಬಾಲಿಸುವಾಗ ಅವು ಒಂದೇ ಸಮತಲದಲ್ಲಿ ಇರಬೇಕು. ಅಂದು ಪಕ್ಕಪಕ್ಕದ ಫಲಕಗಳ ನಡುವೆ 70-80 ಡಿಗ್ರಿ ಕೋನ ಕಂಡಿತು. ಫಲಕ ತಿರುಗಿಸುವ ವ್ಯವಸ್ಥೆ ನಿಂತಿದೆ, ಅಂದರೆ ಒಳಗೆ ಎಲ್ಲ ನಿಂತಿದೆ. ಕೊಕ್ಕೆ ಬಿಗಿದು ವಿದ್ಯುತ್ ಕನೆಕ್ಟರ್‌ಗಳು ಸೇರಿದ ಮೇಲೆ ನೋಡಿದರೆ ಆ ಕಡೆಯಿಂದ ವೋಲ್ಟೇಜ್ ಸೊನ್ನೆ. ಅನುಮಾನ ಖಚಿತವಾಯಿತು.

ಹೊಸಗಾಲಿ:
ಆಲಿಕೆಗೆ ಕರೆಂಟು ಬೇಡ ಎಂಬುದು ಹೊಳೆದೇ ಇರಲಿಲ್ಲ, ಧನ್ಯವಾದ. ಹಾಗಾದರೆ ಕನೆಕ್ಟರ್ ಸೇರಿತ್ತಲ್ಲ, ನೌಕೆಯಿಂದ ಆ ಕಡೆಗೆ ಹರಿಸಬಹುದಿತ್ತಲ್ಲ?

ತಂತಿಪಕ್ಕಡ:
ಹರಿಸಬಹುದಿತ್ತು, ಹರಿಸಲಿಲ್ಲ. ನನ್ನ ಪ್ರಕಾರ ಇಡೀ ಯಾತ್ರೆಯ ಅತ್ಯಂತ ಒಳ್ಳೆಯ ನಿರ್ಧಾರ ಅದು.

ಆ ಹೊತ್ತಿನಲ್ಲಿ ಅವರಿಗೆ ಗೊತ್ತಿದ್ದದ್ದು ನಿಲ್ದಾಣದ ವಿದ್ಯುತ್ ಸತ್ತಿದೆ ಎಂಬುದಷ್ಟೇ, ಯಾಕೆ ಸತ್ತಿದೆ ಎಂಬುದಲ್ಲ. ಒಳಗೆಲ್ಲೋ ಶಾರ್ಟ್ ಆಗಿದ್ದರೆ? ನೌಕೆಯ ಬಸ್‌ಗೆ (ವಿದ್ಯುತ್ ಹಂಚುವ ಮುಖ್ಯ ತಂತಿಗೆ) ಅದನ್ನು ಜೋಡಿಸಿದ ಕ್ಷಣ ನೌಕೆಯದೂ ಸುಟ್ಟುಹೋಗಬಹುದು. ಆಗ ಒಂದರ ಬದಲು ಎರಡು ಹೆಣ, ಇಳಿಯುವ ವಾಹನವೇ ಇಲ್ಲ. ಆದ್ದರಿಂದ ನೌಕೆಯ ವಿದ್ಯುತ್ತನ್ನು ಬೇರೆಯಾಗಿಯೇ ಉಳಿಸಿಕೊಂಡು, ನಿಲ್ದಾಣವನ್ನು ಅದರದೇ ಸೌರ ಫಲಕಗಳಿಂದ ಎಬ್ಬಿಸುವುದೆಂದು ನೆಲದವರು ತೀರ್ಮಾನಿಸಿದರು.

ಸತ್ತದ್ದು ಯಾಕೆ ಎಂಬುದು ಆಮೇಲೆ ಬಿಡಿಸಿಕೊಂಡಿತು. ಎರಡು ಬೇರೆ ಬೇರೆ ದೋಷ ಒಂದರ ಮೇಲೊಂದು ಬಿದ್ದಿದ್ದವು.

ಮೊದಲನೆಯದು ರೇಡಿಯೊ. ಫೆಬ್ರವರಿ 11ರಂದು ಮಿತಿ ಮೀರಿದ ವಿದ್ಯುತ್ ಹರಿದು ರಕ್ಷಣಾ ವ್ಯವಸ್ಥೆ ದೂರಸಂಪರ್ಕದ ಮುಖ್ಯ ಟ್ರಾನ್ಸ್‌ಮಿಟರನ್ನು ಕಡಿದುಹಾಕಿತು. ಬದಲಿಗೆ ಎರಡನೆಯದು ಕೆಲಸಕ್ಕೆ ಬಂತು. ನೆಲದ ನಿಯಂತ್ರಣ ಕೇಂದ್ರದ ಮುಂದಿನ ಪಾಳಿಯವರು ಮುಖ್ಯ ಟ್ರಾನ್ಸ್‌ಮಿಟರನ್ನು ಮತ್ತೆ ಚಾಲೂ ಮಾಡಲು ಆದೇಶ ಕಳಿಸಿದರು. ಕಡಿದದ್ದು ಯಾಕೆ ಎಂದು ನೋಡದೆ ಫ್ಯೂಸ್ ಮತ್ತೆ ಹಾಕಿದರೆ ಆಗುವುದೇ ಆಯಿತು; ಇದ್ದ ಸಂಪರ್ಕವೂ ಹೋಯಿತು.

ಎರಡನೆಯದು ಚಾರ್ಜಿಂಗ್. ಬ್ಯಾಟರಿ ತುಂಬಿದೆ ಎಂದು ಹೇಳುವ ಸಂವೇದಕ ಒಂದಿರುತ್ತದೆ. ಅದು ಹೇಳಿದ ತಕ್ಷಣ ಫಲಕಗಳು ಬ್ಯಾಟರಿಯಿಂದ ಕಡಿದುಕೊಳ್ಳುತ್ತವೆ, ಹೆಚ್ಚು ತುಂಬಿ ಹಾಳಾಗದಿರಲಿ ಎಂದು. ಅಂಥ ಒಂದು ಸಂವೇದಕ ಕೆಟ್ಟು, ಬ್ಯಾಟರಿ ಬರಿದಾಗುತ್ತಿದ್ದರೂ ತುಂಬಿದೆ ಎಂದೇ ಹೇಳುತ್ತಿತ್ತು. ಚಾರ್ಜ್ ಮಾಡಲು ಯಂತ್ರ ಪ್ರತಿ ಸಲ ಹೋದಾಗಲೂ ಅದು ತಡೆಯಿತು. ನೆಲಕ್ಕೆ ಮಾಹಿತಿ ಬರುತ್ತಿದ್ದರೆ ಯಾರಾದರೂ ನೋಡಿ ಆ ಸಂವೇದಕವನ್ನು ಬಿಟ್ಟು ಚಾರ್ಜ್ ಮಾಡಿಸುತ್ತಿದ್ದರು. ರೇಡಿಯೊ ಆಗಲೇ ಹೋಗಿತ್ತಲ್ಲ. ಎರಡರಲ್ಲಿ ಯಾವುದೇ ಒಂದು ಮಾತ್ರ ಆಗಿದ್ದರೂ ನಿಲ್ದಾಣ ಉಳಿಯುತ್ತಿತ್ತು.

ಈಗ ಎಬ್ಬಿಸುವ ಕೆಲಸ. ಫಲಕವನ್ನು ಬ್ಯಾಟರಿಗೆ ಸೇರಿಸುವುದು ರಿಲೇ, ಅಂದರೆ ವಿದ್ಯುತ್ತಿನಿಂದಲೇ ನಡೆಯುವ ಸ್ವಿಚ್. ರಿಲೇ ಎಳೆದುಕೊಳ್ಳಲು ಅದರ ಸುರುಳಿಗೆ ವಿದ್ಯುತ್ ಬೇಕು. ವಿದ್ಯುತ್ ಬ್ಯಾಟರಿಯಿಂದ ಬರಬೇಕು. ಬ್ಯಾಟರಿ ಖಾಲಿ. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು. ದಾರಿ ಒಂದೇ: ರಿಲೇಗಳನ್ನು ಬಿಟ್ಟು ಫಲಕದ ತಂತಿಗಳನ್ನು ನೇರ ಬ್ಯಾಟರಿಗೆ ಕಟ್ಟುವುದು.

ಒಟ್ಟು 8 ಬ್ಯಾಟರಿ. ಒಂದೊಂದನ್ನೇ ಪರೀಕ್ಷಿಸಿದಾಗ ಎರಡು ಪೂರ್ತಿ ಕೆಟ್ಟಿದ್ದವು, ಆರು ಚಾರ್ಜ್ ಹಿಡಿಯುವಂತಿದ್ದವು. 16 ಕೇಬಲ್‌ಗಳನ್ನು ಕೂಡಿಸಬೇಕಿತ್ತು. ಸರಿಯಾದ ಕನೆಕ್ಟರ್ ಇಲ್ಲ. ತುದಿಯ ಹೊದಿಕೆ ಸುಲಿದು, ತಾಮ್ರವನ್ನು ಬೆರಳಲ್ಲಿ ಹೊಸೆದು, ಮೇಲೆ ಇನ್ಸುಲೇಷನ್ ಟೇಪ್ ಸುತ್ತಿದರು. ಕೊರೆಯುವ ಚಳಿ, ಆದರೂ ಕೈಗವಸು ಹಾಕಿಕೊಂಡು ತಂತಿ ಹೊಸೆಯಲು ಬರುವುದಿಲ್ಲ, ಬರಿಗೈಯಲ್ಲೇ ಮಾಡಿದರು.

ತಂತಿ ಕಟ್ಟಿದರೆ ಮುಗಿಯಲಿಲ್ಲ. ಫಲಕಗಳು ಎಲ್ಲೆಲ್ಲೋ ತಿರುಗಿ ನಿಂತಿವೆ, ತಿರುಗಿಸುವ ಮೋಟರ್ ಸತ್ತಿದೆ. ಹಾಗಾಗಿ ಇಡೀ ನಿಲ್ದಾಣವನ್ನೇ ತಿರುಗಿಸಬೇಕು. ಇಬ್ಬರೂ ಸೋಯುಜ್‌ಗೆ ವಾಪಸ್ ಬಂದು, ಅದರ ಸಣ್ಣ ಎಂಜಿನ್‌ಗಳಿಂದ ನೌಕೆ ಮತ್ತು ನಿಲ್ದಾಣ ಸೇರಿದ ಇಡೀ ಸರಪಳಿಯನ್ನು ಸೂರ್ಯನ ಕಡೆಗೆ ಮುಖ ಮಾಡಿಸಿದರು. ಸೋಯುಜ್-ಟಿ ಮಾದರಿಯಲ್ಲಿ ದೊಡ್ಡ ಎಂಜಿನ್‌ಗೂ ಈ ಸಣ್ಣವಕ್ಕೂ ಒಂದೇ ಟ್ಯಾಂಕಿನಿಂದ ಇಂಧನ. ತಂದಿದ್ದ ಹೆಚ್ಚುವರಿ ಇಂಧನ ಹೀಗೂ ಉಪಯೋಗಕ್ಕೆ ಬಂತು. ಮೊದಲ ಬ್ಯಾಟರಿ ಜೀವ ಹಿಡಿದ ಮೇಲೆ ಒಂದೊಂದಾಗಿ ಆರೂ ತುಂಬಿದವು. ಜೂನ್ 13ಕ್ಕೆ ನಿಲ್ದಾಣದ್ದೇ ದಿಕ್ಕು ನಿಯಂತ್ರಣ ಕೆಲಸ ಮಾಡಿತು. ಅದು ಮಾಡಿದರೆ ಮಾತ್ರ ಸರಕು ನೌಕೆ ಬಂದು ಕೂಡಬಹುದು. ಪ್ರೋಗ್ರೆಸ್-24 ಜೂನ್ 23ಕ್ಕೆ ಬಂತು.

ಎಲ್ಲರೂ ಜಾನಿಬೆಕೋವ್ ಅವರ ಕೈಚಳಕವನ್ನೇ ಹಾಡುತ್ತಾರೆ. ಕೈಚಳಕ ದೊಡ್ಡದೇ. ಆದರೆ ಜೋಡಣೆಯಾಗಿಯೂ ತಂತಿ ಕೆಲಸ ಆಗದಿದ್ದರೆ ಇಬ್ಬರೂ ಕೆಲವೇ ದಿನಗಳಲ್ಲಿ ಬರಿಗೈಯಲ್ಲಿ ಇಳಿಯಬೇಕಿತ್ತು.

ವಾದಪ್ರಿಯ:
ಜೋಡಣೆಯೇ ಆಗದಿದ್ದರೆ ನಿಮ್ಮ ಪಕ್ಕಡ ಹಿಡಿದು ಎಲ್ಲಿಗೆ ಹೋಗುತ್ತಿದ್ದಿರಿ? ಇರಲಿ. ಇದಕ್ಕೆ ಉತ್ತರಿಸಿ: ಬೆಳಕಿಗೆ ಮುಖ ಮಾಡಿದ ಫಲಕಕ್ಕೆ ಬರಿಗೈಯಲ್ಲಿ ತಂತಿ ಹೊಸೆದರೆ ಕಿಡಿ ಹಾರುವುದಿಲ್ಲವೆ? ಇದೇ ಕಥೆಯ ರಷ್ಯನ್ ಸಿನಿಮಾ "ಸಲ್ಯೂಟ್-7"ರಲ್ಲಿ ಬೆಂಕಿಯೇ ಬಿತ್ತು.

ತಂತಿಪಕ್ಕಡ:
ಸಿನಿಮಾದ ಬೆಂಕಿ ಸಿನಿಮಾದವರದು. 1985ರಲ್ಲಿ ಬೆಂಕಿ ಬೀಳಲಿಲ್ಲ, ಸೌರ ಸಂವೇದಕವನ್ನು ಹೊರಗಿನಿಂದ ಸುತ್ತಿಗೆಯಲ್ಲಿ ಬಡಿಯಲೂ ಇಲ್ಲ.

ಕಿಡಿಯ ಪ್ರಶ್ನೆಗೆ: ನಾನು ಮೇಲೆ ಬರೆದ ಕ್ರಮ ನೋಡಿ. ಮೊದಲು ತಂತಿ, ಆಮೇಲೆ ನೌಕೆಗೆ ಹೋಗಿ ಸೂರ್ಯನ ಕಡೆ ತಿರುಗಿಸಿದ್ದು. ಇದು ಸುಮಾರು 28 ವೋಲ್ಟ್‌ನ ನೇರ ವಿದ್ಯುತ್, ಮೈಗೆ ಶಾಕ್ ಹೊಡೆಯುವಂಥದ್ದಲ್ಲ. ಹೊಸೆದ ಕೀಲು ಸಡಿಲವಿದ್ದರೆ ಅಲ್ಲಿ ಬಿಸಿಯಾಗುವುದೇ ನಿಜವಾದ ಅಪಾಯ. ಅದಕ್ಕೇ ಪ್ರತಿ ಕೀಲನ್ನೂ ಬಿಗಿಯಾಗಿ ಹೊಸೆದು ಬೇರೆಬೇರೆಯಾಗಿ ಟೇಪ್ ಸುತ್ತಬೇಕು. ಪ್ಲಸ್ ಮೈನಸ್ ಅದಲುಬದಲಾದರೆ ಬ್ಯಾಟರಿ ಹೋಯಿತು, ಬದಲಿ ಇಲ್ಲ.

ಹಬೆಗಾಜು:
ನೀವಿಬ್ಬರೂ ಜಗಳವಾಡುತ್ತಿರಿ, ಒಳಗಿನ ಗಾಳಿ ಮತ್ತು ನೀರಿನ ಬಗ್ಗೆ ಯಾರೂ ಬರೆಯಲಿಲ್ಲ.

ಬಾಗಿಲು ತೆರೆದದ್ದು ಒಂದೇ ಏಟಿಗಲ್ಲ. ಮೊದಲು ಎರಡು ಕಡೆಯ ಒತ್ತಡ ಸಮ ಮಾಡಬೇಕು. ಒಳಗೆ ಗಾಳಿ ಇದೆಯೇ, ಎಲ್ಲೋ ಸೋರಿ ಹೋಗಿದೆಯೇ ಎಂಬುದೇ ಗೊತ್ತಿಲ್ಲ. ಇದೆ ಎಂದಾದ ಮೇಲೆ ಅದರಲ್ಲಿ ಏನಿದೆ ಎಂದು ನೋಡಬೇಕು: ಅಮೋನಿಯಾ, ಕಾರ್ಬನ್ ಮಾನಾಕ್ಸೈಡ್, ಕಾರ್ಬನ್ ಡೈಆಕ್ಸೈಡ್ ಇದ್ದರೆ ಬಣ್ಣ ಬದಲಿಸುವ ನಳಿಗೆಗಳಿಂದ ಪರೀಕ್ಷೆ. ಮೊದಲ ಸಲ ಒಳಹೋದದ್ದು ಅನಿಲ ಮುಖವಾಡ ಹಾಕಿಕೊಂಡೇ. ಗಾಳಿ ಸರಿಯಾಗಿತ್ತು, ಆದರೆ ಭಯಂಕರ ಚಳಿ. ಗೋಡೆಗೆ ಉಗುಳಿದರೆ ಅದು ಕೆಲವು ಸೆಕೆಂಡಿನಲ್ಲಿ ಹೆಪ್ಪುಗಟ್ಟಿತು. ಥರ್ಮಾಮೀಟರಿನ ಗೆರೆ ಸೊನ್ನೆಗಿಂತ ಕೆಳಗೆ ಇರಲೇ ಇಲ್ಲವಾದ್ದರಿಂದ ನೆಲದವರು ಇದೇ ಉಗುಳಿನ ಲೆಕ್ಕ ಹಿಡಿದು ಅಂದಾಜು ಮಾಡಬೇಕಾಯಿತು.

ನಿಲ್ದಾಣದ ಒಳಗಿನ ಬಿಸಿ ಬಹುಪಾಲು ಉಪಕರಣಗಳಿಂದಲೇ ಬರುವುದು. ವಿದ್ಯುತ್ ನಿಂತರೆ ಬಿಸಿ ನಿಂತಿತು. ನಿಧಾನವಾಗಿ ಹೊರಕ್ಕೆ ಸೋರಿ ಕೊನೆಗೆ ಸೊನ್ನೆಗಿಂತ ಕೆಳಗೆ ಬಂದು ನಿಂತಿತು.

ಚಳಿಗಿಂತ ಕೆಟ್ಟದ್ದು ಅಲುಗದ ಗಾಳಿ. ತೂಕವಿಲ್ಲದ ಕಡೆ ಬಿಸಿ ಗಾಳಿ ಮೇಲೇರುವುದಿಲ್ಲ, ತಣ್ಣನೆಯದು ಕೆಳಗಿಳಿಯುವುದಿಲ್ಲ. ಬಿಟ್ಟ ಉಸಿರು ಮುಖದ ಮುಂದೆಯೇ ಕೂರುತ್ತದೆ. ಒಬ್ಬ ಮನುಷ್ಯ ದಿನಕ್ಕೆ ಸುಮಾರು 1 ಕಿ.ಗ್ರಾಂ. ಕಾರ್ಬನ್ ಡೈಆಕ್ಸೈಡ್ ಬಿಡುತ್ತಾನೆ. ಫ್ಯಾನ್ ಇಲ್ಲದಿದ್ದರೆ ಅದನ್ನು ಶುದ್ಧಿಡಬ್ಬಿಯವರೆಗೆ ಒಯ್ಯುವವರಿಲ್ಲ. ಇಕ್ಕಟ್ಟಾದ ಮೂಲೆಯಲ್ಲಿ ತಲೆ ತೂರಿಸಿ ತಂತಿ ಹೊಸೆಯುವವನಿಗೆ ಮೊದಲು ತಲೆನೋವು, ಆಮೇಲೆ ಆಯಾಸ, ಆಮೇಲೆ ಮಂಕು. ಮಂಕು ಹಿಡಿದದ್ದು ಅವನಿಗೇ ತಿಳಿಯುವುದಿಲ್ಲ. ಅದಕ್ಕೇ ಮೊದಮೊದಲು ಒಬ್ಬರು ನಿಲ್ದಾಣದಲ್ಲಿ ಕೆಲಸ ಮಾಡಿದರೆ ಇನ್ನೊಬ್ಬರು ನೌಕೆಯಲ್ಲಿ ಇದ್ದು ಗಮನಿಸುತ್ತಿದ್ದರು. ನೌಕೆಯಿಂದ ಗಾಳಿ ಹಾಯಿಸಲು ಕೊಳವೆಯನ್ನೂ ಹೂಡಿಕೊಂಡರು. ತಂತಿಪಕ್ಕಡ ಅವರ 16 ಕೇಬಲ್‌ಗಳನ್ನು ಹೊಸೆದದ್ದು ಈ ಗಾಳಿಯಲ್ಲಿ.

ನೀರು ಇನ್ನೂ ಬಿಗಿ. ನಿಲ್ದಾಣದ ಟ್ಯಾಂಕಿನಲ್ಲಿದ್ದದ್ದು ಮಂಜುಗಡ್ಡೆ. ನೌಕೆಯಲ್ಲಿ ತಂದದ್ದು ಒಂದು ವಾರದ ಮೇಲೆ ಸ್ವಲ್ಪ, ಅದನ್ನೇ ಹಿಡಿದು ಹಿಡಿದು ಕುಡಿಯಬೇಕು. ನಿಲ್ದಾಣದಲ್ಲಿದ್ದ ನೀರು ಕಾಯಿಸುವ ಸಾಧನ ಹಾಳಾಗಿತ್ತು. ಟಿವಿ ಚಿತ್ರೀಕರಣಕ್ಕೆ ಇಟ್ಟಿದ್ದ ಪ್ರಖರ ದೀಪದ ಮುಂದೆ ಹಿಡಿದು ಚಹಾ ಬಿಸಿ ಮಾಡಿಕೊಂಡರು. ಅಂದಹಾಗೆ, ಒಂದು ವರ್ಷ ಹಿಂದೆ ಇದೇ ನಿಲ್ದಾಣಕ್ಕೆ ನಮ್ಮ ಮೈಸೂರಿನ ರಕ್ಷಣಾ ಆಹಾರ ಪ್ರಯೋಗಾಲಯ (ಡಿಎಫ್‌ಆರ್‌ಎಲ್) ತಯಾರಿಸಿದ ಹಲ್ವಾ, ಪಲಾವ್ ಹೋಗಿದ್ದವು.

ಬ್ಯಾಟರಿ ತುಂಬಿದ ಮೇಲೆ ಎಲ್ಲರೂ ಕಥೆ ಮುಗಿಸುತ್ತಾರೆ. ಮುಗಿಯಲಿಲ್ಲ. ಹೆಪ್ಪುಗಟ್ಟಿದ್ದೆಲ್ಲ ಕರಗಿತು. ಗೋಡೆ, ಒಳಹೊದಿಕೆಯ ಹಲಗೆಗಳ ಹಿಂಬದಿ, ಕೇಬಲ್ ಕಟ್ಟು, ಕನೆಕ್ಟರ್ ಎಲ್ಲದರ ಮೇಲೆ ನೀರಿನ ಪೊರೆ. ನೆಲದಲ್ಲಾದರೆ ತೊಟ್ಟಿಕ್ಕಿ ಕೆಳಗೆ ಬೀಳುತ್ತದೆ. ಅಲ್ಲಿ ಇದ್ದಲ್ಲೇ ಅಂಟಿಕೊಂಡು, ಹತ್ತಿರದ ಸಂದಿಗೆ ಹರಡುತ್ತದೆ. ಹೀಟರ್ ಎಲ್ಲವನ್ನೂ ಒಟ್ಟಿಗೆ ಹಾಕಿಬಿಟ್ಟರೆ ಒದ್ದೆಯಾದ ಉಪಕರಣಕ್ಕೆ ವಿದ್ಯುತ್ ಹರಿದು, ಜೀವ ಬಂದದ್ದು ಮತ್ತೆ ಹೋಗುತ್ತದೆ. ಆದ್ದರಿಂದ ಉಪಕರಣಗಳ ಮೇಲಿನ ನೀರು ಪೂರ್ತಿ ಆರುವವರೆಗೆ ಗೋಡೆಯ ಹೀಟರ್ ಹಾಕಲಿಲ್ಲ. ಬಟ್ಟೆಯಲ್ಲಿ ಒರೆಸಿದರು, ಬಟ್ಟೆ ಸಾಲದೆ ಉಡುಪುಗಳನ್ನೇ ಹರಿದು ಒರೆಸಿದರು. ಒಳಗಿನ ತೇವಾಂಶ ಸಹಜ ಮಟ್ಟಕ್ಕೆ ಬಂದದ್ದು ಜುಲೈ ಕೊನೆಗೆ.

ಹೊಸಗಾಲಿ:
ಇದು ಬಹಳ ಉಪಯೋಗವಾಯಿತು. ಆಮೇಲೆ ಆ ನಿಲ್ದಾಣ ಎಷ್ಟು ಕಾಲ ನಡೆಯಿತು?

ಕೊಂಡಿಕೀಲು:
ಆಗಸ್ಟ್ 2ಕ್ಕೆ ಇಬ್ಬರೂ ಹೊರಗೆ ಹೋಗಿ ಮೂರನೆಯ ಫಲಕದ ಪಕ್ಕಕ್ಕೆ ಹೆಚ್ಚುವರಿ ಸೌರ ಫಲಕ ಕಟ್ಟಿದರು. ಉಳಿದ ಎರಡು ಫಲಕಗಳಿಗೆ 1983, 1984ರಲ್ಲೇ ಕಟ್ಟಿದ್ದಾಗಿತ್ತು. ಸೆಪ್ಟೆಂಬರ್‌ನಲ್ಲಿ ಟಿ-14 ಬಂತು. ಜಾನಿಬೆಕೋವ್, ಅದರಲ್ಲಿ ಬಂದ ಗ್ರೆಚ್ಕೊ ಜೊತೆ 26ಕ್ಕೆ ಇಳಿದರು, ಸವಿನಿಖ್ ಉಳಿದರು. ಹೊಸ ಕಮಾಂಡರ್ ವಾಸ್ಯುತಿನ್ ಕಾಯಿಲೆ ಬಿದ್ದದ್ದರಿಂದ ಉಳಿದವರೂ ನವೆಂಬರ್ 21ಕ್ಕೆ ಬೇಗನೆ ಬಂದುಬಿಟ್ಟರು. 1986ರಲ್ಲಿ ಟಿ-15ರ ಇಬ್ಬರು ಹೊಸ ನಿಲ್ದಾಣ ಮೀರ್‌ನಿಂದ ಇಲ್ಲಿಗೆ ಬಂದು ಮತ್ತೆ ಮೀರ್‌ಗೆ ಹೋದರು, ಅದೇ ಕೊನೆ. 1991ರ ಫೆಬ್ರವರಿ 7ಕ್ಕೆ ಅರ್ಜೆಂಟೀನಾದ ಮೇಲೆ ಉದುರಿತು.

ವಾದಪ್ರಿಯ:
ಕೊನೆಯ ತಕರಾರು. ಈಗ ಎಲ್ಲ ಆಟೊಮ್ಯಾಟಿಕ್. ಲೇಸರ್ ಕೈಯಲ್ಲಿ ಹಿಡಿದು ದೂರ ಕೂಗುವ ವಿದ್ಯೆ ಈಗ ಯಾರಿಗೆ ಬೇಕು?

ಕಕ್ಷಾಪಟು:
ಬೇಕು. ಎರಡು ಉದಾಹರಣೆ ಕೊಡುತ್ತೇನೆ.

1997ರ ಜೂನ್ 25, ಮೀರ್. ಪ್ರೋಗ್ರೆಸ್ ಎಂ-34 ಸರಕು ನೌಕೆಯನ್ನು ವಸಿಲಿ ತ್ಸಿಬ್ಲಿಯೆವ್ ನಿಲ್ದಾಣದ ಒಳಗೆ ಕೂತು, ನೌಕೆಯ ಕ್ಯಾಮೆರಾ ಚಿತ್ರ ನೋಡುತ್ತ ಹಿಡಿಯಿಂದ ನಡೆಸುವ ಪರೀಕ್ಷೆ. ದೂರ, ವೇಗ ಕೊಡುವ ಕುರ್ಸ್ ರಾಡಾರನ್ನು ಅಂದು ಬೇಕೆಂದೇ ಆರಿಸಿದ್ದರು. ಹಿಂದಿನ ಸಲ ಕ್ಯಾಮೆರಾ ಚಿತ್ರ ಕೆಟ್ಟದ್ದಕ್ಕೆ ಅದರ ಅಲೆಗಳೇ ಕಾರಣವಿರಬೇಕೆಂಬ ಅನುಮಾನ. ಟಿ-8ರಲ್ಲಿ ಆದದ್ದೇ ಮತ್ತೆ ಆಯಿತು: ಪರದೆಯ ಮೇಲೆ ನಿಲ್ದಾಣದ ಚಿತ್ರ ಬಹಳ ಹೊತ್ತು ಸಣ್ಣದಾಗಿಯೇ ಇದ್ದು ಕೊನೆಯಲ್ಲಿ ಒಮ್ಮೆಗೇ ದೊಡ್ಡದಾಯಿತು. ನಿಲ್ಲಿಸಲು ಸಮಯ ಸಾಲಲಿಲ್ಲ. ಮೀರ್‌ನ ಸ್ಪೆಕ್ತರ್ ಘಟಕಕ್ಕೆ ಬಡಿದು ಗಾಳಿ ಸೋರತೊಡಗಿತು. ಬಾಗಿಲು ಮುಚ್ಚೋಣವೆಂದರೆ ಅದರೊಳಗಿಂದ ಹಾದುಹೋಗಿದ್ದ ಕೇಬಲ್‌ಗಳು ಅಡ್ಡ. ಅವನ್ನು ಕಿತ್ತು, ಬಿಚ್ಚಲಾಗದ್ದನ್ನು ಕತ್ತರಿಸಿ, ಆಮೇಲೆ ಮುಚ್ಚಳ ಹಾಕಬೇಕಾಯಿತು. ಫಲಕಗಳ ವಿದ್ಯುತ್ತೂ ಅದೇ ಕೇಬಲ್‌ಗಳಲ್ಲಿ ಬರುತ್ತಿತ್ತು.

ಇನ್ನೊಂದು 2019ರ ಆಗಸ್ಟ್. ಸಿಬ್ಬಂದಿ ಇಲ್ಲದ ಸೋಯುಜ್ ಎಂಎಸ್-14 ಅಂತರರಾಷ್ಟ್ರೀಯ ನಿಲ್ದಾಣದ ಪೊಯಿಸ್ಕ್ ಬಾಗಿಲಿಗೆ ಬಂದು, 24ರಂದು ಗುರಿ ಹಿಡಿಯಲಾಗದೆ ಹಿಂದೆ ಸರಿಯಿತು. ದೋಷ ಇದ್ದದ್ದು ನೌಕೆಯಲ್ಲಲ್ಲ, ನಿಲ್ದಾಣದ ಕಡೆಯ ಕುರ್ಸ್ ಸಂಕೇತವರ್ಧಕದಲ್ಲಿ. ಪರಿಹಾರ ನೋಡಿ: ಆ ಕೆಟ್ಟ ಬಾಗಿಲಿಗೆ ಮನುಷ್ಯರಿದ್ದ ಎಂಎಸ್-13ನ್ನು ಕೈಯಿಂದ ನಡೆಸಿ ತಂದು ನಿಲ್ಲಿಸಿದರು, ಅದು ಬಿಟ್ಟ ಜಾಗಕ್ಕೆ 27ರಂದು ಎಂಎಸ್-14 ತಾನಾಗಿ ಬಂದು ಕೂಡಿತು. ಆ ಕಡೆಯಿಂದ ಉತ್ತರ ಬಾರದಿದ್ದಾಗ ನಡೆದದ್ದು ಕೈಕೆಲಸವೇ.

ತಂತಿಪಕ್ಕಡ:
ಇದಕ್ಕೆ ನಮ್ಮ ಇಸ್ರೋದ ಜೋಡಣೆಯ ಪ್ರಯೋಗ ಸ್ಪೇಡೆಕ್ಸ್ ಸೇರಿಸಿ. 2025ರ ಜನವರಿ 16ಕ್ಕೆ ತಲಾ 220 ಕಿ.ಗ್ರಾಂ. ತೂಕದ ಎರಡು ಉಪಗ್ರಹಗಳು ಕೂಡಿಕೊಂಡವು, ನಿಯಂತ್ರಣ ಬೆಂಗಳೂರಿನ ಇಸ್ರೋ ಕೇಂದ್ರ ಇಸ್ಟ್ರ್ಯಾಕ್‌ನಿಂದ. ಅಲ್ಲಿಯೂ ಲೇಸರ್ ದೂರಮಾಪಕವೇ, ಕೂಗಿ ಹೇಳುವವರಿಲ್ಲ ಅಷ್ಟೇ. ಏಪ್ರಿಲ್‌ನಲ್ಲಿ ಎರಡನೆಯ ಸಲ ಕೂಡಿಸಿ ಒಂದರಿಂದ ಇನ್ನೊಂದಕ್ಕೆ ವಿದ್ಯುತ್ ಹರಿಸಿಯೂ ತೋರಿಸಿದರು. ಹೊಸಗಾಲಿಯವರ ಮೂರನೆಯ ಪ್ರಶ್ನೆಗೆ ಇದೂ ಸಂಬಂಧಪಟ್ಟದ್ದೇ. ಕೊಡುವವನ ಬಸ್ ಮತ್ತು ಪಡೆಯುವವನ ಬಸ್ ನಡುವೆ ವಿದ್ಯುತ್ ಮಿತಿ ಹಾಕಿ, ಆ ಕಡೆ ಶಾರ್ಟ್ ಇದ್ದರೆ ತಕ್ಷಣ ಕಡಿಯುವ ಏರ್ಪಾಡು ಮೊದಲೇ ಇದ್ದರೆ ಪಕ್ಕದ ನೌಕೆಯಿಂದ ಧೈರ್ಯವಾಗಿ ಪಡೆಯಬಹುದು. ಜೂನ್ 8ರಂದು ಜಾನಿಬೆಕೋವ್ ಅವರಿಗೆ ಆ ಭರವಸೆ ಕೊಡುವವರು ಯಾರೂ ಇರಲಿಲ್ಲ.

ವಾದಪ್ರಿಯ:
ಒಪ್ಪಿದೆ. ಆದರೆ ಜೋಡಣೆಯೇ ದೊಡ್ಡದು ಎಂಬುದನ್ನು ಬಿಡುವುದಿಲ್ಲ.